ವೈಫೈ ಹೆಸರು ಮುಚ್ಚಿಟ್ಟರೆ ಬೀಗ ಹಾಕಿದ ಹಾಗಾ?

ಇವತ್ತಿನ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ನಾನಿರೋದು ಸಾಗರದಲ್ಲಿ. ನಮ್ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಂಗಿ ತೀರ್ಥಹಳ್ಳಿಯ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದ್ತಾಳೆ. ದಸರಾ ರಜೆಗೆ ಊರಿಗೆ ಹೋದವಳು ಒಂದು ಭಾನುವಾರ ರಾತ್ರಿ ಅಪ್ಪನ ಫೋನಿಂದ ವಾಟ್ಸಾಪ್ ಕಾಲ್ ಮಾಡಿದಳು. "ಅಣ್ಣಾ, ನಾಳೆ ಹತ್ತು ಗಂಟೆಗೆ ಆನ್‌ಲೈನ್ ಟೆಸ್ಟ್. ಟ್ಯಾಬ್ಲೆಟ್‌ನಲ್ಲಿ ನಮ್ಮನೆ ವೈಫೈ ಕಾಣಿಸ್ತಾನೇ ಇಲ್ಲ."

ಹೇಗೆ ಕಾಣಿಸುತ್ತೆ? ಹೆಸರು ಮುಚ್ಚಿಟ್ಟವನು ನಾನು. ಅಕ್ಕಪಕ್ಕದ ಹುಡುಗರು ಸಂಜೆಯಾದ್ರೆ ನಮ್ಮ ಜಗಲಿಗೆ ಬಂದು ಫೋನ್ ಹಿಡಿದು ಕೂರ್ತಿದ್ರು. ಅಪ್ಪನಿಗೂ ಹೇಳದೆ ರೂಟರ್ ಸೆಟ್ಟಿಂಗ್‌ಗೆ ಹೋಗಿ ನೆಟ್‌ವರ್ಕ್ ಹೈಡ್ ಮಾಡಿದ್ದೆ.

ಅಪ್ಪನ ಫೋನ್ ನಡೀತಿದೆ ಅಂದ್ರೆ ಲೈನ್ ಸರಿ ಇದೆ, ರೂಟರ್ ಸರಿ ಇದೆ. ತೊಂದರೆ ಟ್ಯಾಬ್ಲೆಟ್‌ನಲ್ಲಿ ಮಾತ್ರ. ಆಡ್ ನೆಟ್‌ವರ್ಕ್ ಒತ್ತಿ ಹೆಸರು ಟೈಪ್ ಮಾಡು ಅಂದೆ. ಮಾಡಿದಳು, ಆಗಲಿಲ್ಲ. ಸ್ಕ್ರೀನ್‌ಶಾಟ್ ತರಿಸಿ ನೋಡಿದೆ. ಕೀಬೋರ್ಡ್ ತಾನಾಗೇ ಮೊದಲ ಅಕ್ಷರವನ್ನು ಇಂಗ್ಲಿಷ್ ದೊಡ್ಡಕ್ಷರ ಮಾಡಿತ್ತು. ವೈಫೈ ಹೆಸರಿನಲ್ಲಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೂ ಅದು ಬೇರೆ ಹೆಸರೇ.

ಸರಿಪಡಿಸಿದ ಮೇಲೂ ಆಗಲಿಲ್ಲ. ಸೆಕ್ಯುರಿಟಿ ಜಾಗದಲ್ಲಿ 'ನನ್' ಅಂತಿತ್ತು, ಡಬ್ಲ್ಯುಪಿಎ2 ಆಗಬೇಕಿತ್ತು. ಅಡ್ವಾನ್ಸ್ಡ್ ಒಳಗೆ 'ಹಿಡನ್ ನೆಟ್‌ವರ್ಕ್' ಅನ್ನೋದು 'ನೋ' ಇತ್ತು, ಅದನ್ನ 'ಯೆಸ್' ಮಾಡಿಸಿದೆ. ಹಳೇದನ್ನ 'ಫರ್ಗೆಟ್' ಮಾಡಿ ಹೊಸದಾಗಿ ಸೇರಿಸಿದಳು. ಕನೆಕ್ಟೆಡ್!

ಆ 'ಯೆಸ್' ಯಾಕೆ ಬೇಕು ಗೊತ್ತಾ? ಮಾಮೂಲಿ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರು ಕೂಗ್ತಿರುತ್ತೆ. ಹೈಡ್ ಮಾಡಿದಾಗ ಕೂಗು ನಿಲ್ಲಲ್ಲ, ಅದರಲ್ಲಿ ಹೆಸರು ಮಾತ್ರ ಖಾಲಿ. ಆಗ ಟ್ಯಾಬ್ಲೆಟ್ಟೇ ಹೆಸರು ಹಿಡಿದು "ಇದ್ದೀಯಾ?" ಅಂತ ಕೇಳ್ಬೇಕು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲೂ ಕೇಳಬಹುದು. ಆ ಹೆಸರನ್ನ ಗಾಳಿಯಲ್ಲಿ ಹಿಡಿಯೋ ಉಚಿತ ಸಾಫ್ಟ್‌ವೇರ್ ಇದೆ. ಅಂದ್ರೆ ಹೆಸರು ಮುಚ್ಚಿಡೋದು ಬೀಗ ಅಲ್ಲ, ಬೀಗ ಏನಿದ್ರೂ ಪಾಸ್‌ವರ್ಡ್.

ಫೋನ್ ಇಡೋ ಮುಂಚೆ ತಂಗಿ ಅಂದಳು, "ಪಕ್ಕದ ಮನೆಯವಳಿಗೂ ನಾಳೆ ಇದೇ ಟೆಸ್ಟ್. ಅವಳು ಗುಡ್ಡ ಹತ್ತುತ್ತಾಳಂತೆ."

ಒಂದು ಕ್ಷಣ ಮಾತೇ ಹೊರಡಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಅದೇ ಗುಡ್ಡದ ಮೇಲೆ ಮಳೆಯಲ್ಲಿ ಕೊಡೆ ಹಿಡಿದು ಕ್ಲಾಸ್ ಕೇಳಿದವರು ನಾವು. ನಮ್ಮ ಕಡೆ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನ ಆದಾಗ ಜೋರಾಗಿ ಮಾತಾಡಿದವನೂ ನಾನೇ. ಮನೆಗೆ ಫೈಬರ್ ಬಂದದ್ದೇ ತಡ, ಹೆಸರು ಮುಚ್ಚಿಟ್ಟೆ.

"ಅವಳಿಗೂ ಕನೆಕ್ಟ್ ಮಾಡಿಕೊಡು, ಜಗಲಿಯಲ್ಲೇ ಕೂತು ಬರೀಲಿ" ಅಂದೆ.

ಮುಂದಿನ ವಾರ ಊರಿಗೆ ಹೋಗಿ ಹೈಡ್ ತೆಗೆದೆ. ಮನೆಯವರಿಗೆ ಉದ್ದನೆಯ ಹೊಸ ಪಾಸ್‌ವರ್ಡ್ ಇಟ್ಟೆ. ಅದೇ ರೂಟರ್‌ನಲ್ಲಿದ್ದ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಅದಕ್ಕೆ ಬೇರೆ ಪಾಸ್‌ವರ್ಡ್ ಕೊಟ್ಟು, ಸ್ಪೀಡ್‌ಗೆ ಮಿತಿ ಹಾಕಿದೆ. ಅದರ ಕ್ಯೂಆರ್ ಕೋಡ್ ಪ್ರಿಂಟ್ ತೆಗೆಸಿ ಜಗಲಿ ಕಂಬಕ್ಕೆ ಅಂಟಿಸಿದ್ದೀನಿ.

ಅಪ್ಪ ನೋಡಿ ಒಂದೇ ಮಾತು ಅಂದ್ರು: "ಮೊದಲೇ ನನ್ನ ಕೇಳಿದ್ರೆ ಇದನ್ನೇ ಹೇಳ್ತಿದ್ದೆ."