ಚೆಟ್ರಿ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರ್ತಾರಾ? ನಮ್ಮ ಮನೆಯ ಹಳೇ ಜಗಳ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಹಿಂದಿನ ಸಂಚಿಕೆಯ ಕೊನೇಲಿ ಒಂದು ಪ್ರಶ್ನೆ ಬಿಟ್ಟು ಹೋಗಿದ್ದೆ. ಸುನಿಲ್ ಚೆಟ್ರಿ ಭಾರತದ ಫುಟ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾ, ಅಲ್ವಾ? ಬಂದ ವಾಯ್ಸ್ ನೋಟ್‌ಗಳನ್ನ ಕೇಳೋದಕ್ಕೇ ಎರಡು ರಾತ್ರಿ ಹಿಡೀತು. ಅರ್ಧ ಜನ "ಇದೂ ಒಂದು ಪ್ರಶ್ನೇನಾ ಗುರು?" ಅಂತ ಬೈದಿದ್ದಾರೆ. ಇನ್ನರ್ಧ ಜನ "ಮಾಲ್ದೀವ್ಸ್ ಮೇಲೆ ಆದ್ರೆ ನಾನೂ ಹೊಡೀತೀನಿ ಬಿಡಿ" ಅಂದಿದ್ದಾರೆ. ಇಂದಿರಾನಗರದ ಒಬ್ಬರು ಮಾತ್ರ ಬೇರೆ ಥರ ಕೇಳಿದ್ರು: "ಶ್ರೇಷ್ಠ ಅಂದ್ರೆ ಯಾರಿಗಿಂತ? ಅವರ ಆಟವನ್ನ ನೀವು ನೋಡಿದ್ದೀರಾ?"

ಆ ಪ್ರಶ್ನೆ ಕೇಳಿದ ತಕ್ಷಣ ನನಗೆ ನಮ್ಮ ತಾತ ನೆನಪಾದ್ರು. ಯಾಕೆ ಅಂತ ಹೇಳ್ತೀನಿ. ಮೊದಲು ಲೆಕ್ಕ ಮುಗಿಸೋಣ. ನಾನು ಬಿ.ಕಾಂ. ಮಾಡಿದವನು, ಅಂಕಿ ನೋಡದೆ ಮಾತು ಶುರು ಮಾಡೋಕೆ ಬರಲ್ಲ.

ಚೆಟ್ರಿ ಭಾರತದ ಪರ ಮೊದಲ ಪಂದ್ಯ ಆಡಿದ್ದು 2005ರ ಜೂನ್ 12ರಂದು, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಮೊದಲ ಪಂದ್ಯದಲ್ಲೇ ಗೋಲು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ವಿದಾಯ ಹೇಳಿದಾಗ 151 ಪಂದ್ಯ, 94 ಗೋಲು. ಆ ಹೊತ್ತಿಗೆ ಅಂತರರಾಷ್ಟ್ರೀಯ ಗೋಲುಗಳ ಪಟ್ಟಿಯಲ್ಲಿ ಅವರಿಗಿಂತ ಮುಂದಿದ್ದವರು ಮೂರೇ ಜನ: ರೊನಾಲ್ಡೊ, ಇರಾನ್‌ನ ಅಲಿ ದಾಯಿ, ಮೆಸ್ಸಿ. 2025ರ ಮಾರ್ಚ್‌ನಲ್ಲಿ, 40 ವರ್ಷ ದಾಟಿದ ಮೇಲೆ, ಮತ್ತೆ ಬಂದ್ರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ಮೇಲೆ 95ನೇ ಗೋಲು ಹೊಡೆದ್ರು.

ಈಗ ಎದುರು ಪಕ್ಷದ ವಾದ. ಇದನ್ನ ಚೆಟ್ರಿ ಅಭಿಮಾನಿಗಳು ಕಿವಿಗೇ ಹಾಕ್ಕೊಳ್ಳಲ್ಲ. ಆದ್ರೆ ಹಗುರವಾದ ವಾದ ಅಲ್ಲ ಅದು. ಆ 95ರ ಪಟ್ಟಿ ತೆಗೆದು ನೋಡಿ, ನೇಪಾಳ, ಮಾಲ್ದೀವ್ಸ್ ಹೆಸರು ಪದೇ ಪದೇ ಬರುತ್ತೆ. ಚೆಟ್ರಿ ಆಡಿದ ಏಷ್ಯನ್ ಕಪ್‌ಗಳು ಮೂರು: 2011, 2019, ಮತ್ತೆ 2024ರ ಆರಂಭದಲ್ಲಿ ಕತಾರ್‌ನಲ್ಲಿ ನಡೆದದ್ದು. ಮೂರರಲ್ಲೂ ಭಾರತ ಗುಂಪಿನ ಹಂತ ದಾಟಲಿಲ್ಲ. ಕತಾರ್‌ನಲ್ಲಂತೂ ಇಡೀ ತಂಡಕ್ಕೆ ಒಂದೇ ಒಂದು ಗೋಲೂ ಬರಲಿಲ್ಲ.

ಹಳಬರ ಖಾತೆ ನೋಡಿ. 1951ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಅಲ್ಲಿ ಆಸ್ಟ್ರೇಲಿಯಾವನ್ನ ಅವರ ನೆಲದಲ್ಲೇ 4-2ರಿಂದ ಸೋಲಿಸಿದ್ದರು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದಿದ್ದರು. 1962ರ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನ ಫೈನಲ್‌ನಲ್ಲಿ 2-1ರಿಂದ ಮಣಿಸಿ ಮತ್ತೆ ಚಿನ್ನ. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸೀದಾಸ್ ಬಲರಾಮ್, ಜರ್ನೈಲ್ ಸಿಂಗ್. ಇವರ ಮುಂದೆ ಚೆಟ್ರಿಯವರ ಸ್ಯಾಫ್ ಕಪ್‌ಗಳನ್ನ ಇಟ್ಟು "ಸಮ" ಅನ್ನೋಕೆ ಯಾರಿಗೂ ಸುಲಭವಾಗಿ ಬಾಯಿ ಬರಲ್ಲ.

ಇಲ್ಲಿಗೆ ತೀರ್ಪು ಆಗೋಯ್ತು ಅನ್ನಿಸುತ್ತೆ. ಆಗಿಲ್ಲ. ಐವತ್ತು ವರ್ಷದ ಹಿಂದಿನ ಹತ್ತು ರೂಪಾಯಿಯನ್ನ ಇವತ್ತಿನ ಹತ್ತು ರೂಪಾಯಿ ಪಕ್ಕ ಇಟ್ಟು ಹೋಲಿಸಲ್ಲ, ಅಲ್ವಾ? 1951ರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಆಡಿದ್ದು ಆರು ತಂಡ. 1962ರಲ್ಲಿ ಎಂಟು. ಈಗಿನ ಏಷ್ಯನ್ ಕಪ್‌ನ ಮುಖ್ಯ ಸುತ್ತಿನಲ್ಲೇ 24 ತಂಡ ಇರುತ್ತೆ, ಅಲ್ಲಿಗೆ ತಲುಪೋದೇ ಒಂದು ಯುದ್ಧ. ಹಾಗಾಗಿ "ದುರ್ಬಲರ ಎದುರು ಆಡಿದ್ರು" ಅನ್ನೋ ಮಾತನ್ನ ಒಂದು ಕಾಲದವರ ಮೇಲೆ ಮಾತ್ರ ಹೊರಿಸೋಕಾಗಲ್ಲ.

ಇನ್ನೊಂದು ವಿಷಯ. ತಂಡ ಗೆಲ್ಲಲಿಲ್ಲ ಅಂತ ಆಟಗಾರನ್ನ ಇಳಿಸೋದು ಎಷ್ಟು ಸರಿ? ಲೈಬೀರಿಯಾದ ಜಾರ್ಜ್ ವೇಯಾ 1995ರಲ್ಲಿ ಬ್ಯಾಲನ್ ಡಿ ಓರ್ ಗೆದ್ದವರು. ಒಂದು ವಿಶ್ವಕಪ್ಪೂ ಆಡಲಿಲ್ಲ, ಅವರ ದೇಶ ಅರ್ಹತೆಯನ್ನೇ ಪಡೀಲಿಲ್ಲ. ಅವರನ್ನ ಯಾರಾದ್ರೂ ಸಾಧಾರಣ ಅಂತಾರಾ? ಚೆಟ್ರಿ ಕಥೆ ನೋಡಿ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದ ಆಗಿತ್ತು. ವರ್ಕ್ ಪರ್ಮಿಟ್ ಸಿಗಲಿಲ್ಲ. ಕಾರಣ ಅವರ ಆಟ ಅಲ್ಲ, ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ. ದೇಶದ ರ‍್ಯಾಂಕಿಂಗ್ ಆಟಗಾರನ ಕಾಲಿಗೆ ಕಟ್ಟಿದ ಗುಂಡುಕಲ್ಲು.

ಸರಿ, ಈಗ ತಾತನ ಜಗಳ.

ನಾವು ಹಲಸೂರಿನವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಆಟದಲ್ಲಿ ಮೂರೂ. ಕಂಟೋನ್ಮೆಂಟ್ ಕಡೆ ಕ್ರಿಕೆಟ್ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಬ್ರಿಟಿಷ್ ಸಿಪಾಯಿಗಳ ಮೈದಾನಗಳಿಂದ ಬೀದಿಗಿಳಿದು ಉಳಿದುಕೊಂಡ ಆಟ ಫುಟ್‌ಬಾಲ್. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆ ಪ್ರತಿಮೆ ಇರೋದು ಸುಮ್ಮನೆ ಅಲ್ಲ. ವಿಶ್ವಕಪ್ ಬಂದ್ರೆ ಆ ಬೀದಿ ಪೂರ್ತಿ ಹಳದಿ ಆಗಿಬಿಡುತ್ತೆ.

ಈ ನಮ್ಮ ಊರಿನ ಹುಡುಗ ಅಹಮದ್ ಖಾನ್. ಹುಟ್ಟಿದ್ದು 1926ರಲ್ಲಿ, ಬೆಂಗಳೂರಲ್ಲೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಆಡಿತಲ್ಲ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ? ಆ ತಂಡದಲ್ಲಿ ಇವರಿದ್ರು. 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪದಿದ್ರೆ ಆ ದಿನದ ಕಥೆಯೇ ಬೇರೆ.

ಆಮೇಲೆ ಅಹಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ್ರು. ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್, ಅಹಮದ್ ಖಾನ್: ಈ ಐವರನ್ನ ಅಲ್ಲಿಯವರು ಪಂಚಪಾಂಡವರು ಅಂತಿದ್ರು. 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು. ಅಹಮದ್ ಖಾನ್ ಚೆಂಡು ಆಡಿಸ್ತಿದ್ದ ರೀತಿ ನೋಡಿ ಹಾವಾಡಿಗ ಅಂತ ಹೆಸರು ಬಂತು. 1951ರ ಚಿನ್ನದ ತಂಡದಲ್ಲೂ ಇದ್ರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಕೈಲಿ 10-1ರಿಂದ ಸೋತಾಗ ಆ ಒಂದು ಗೋಲು ಇವರದ್ದೇ.

ನಮ್ಮ ತಾತ ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರ ಆಟ ನೋಡಿದ್ರಂತೆ, ಕಾಂಪೌಂಡ್ ಹತ್ತಿ, ಟಿಕೆಟ್ ಇಲ್ಲದೆ. ಅದನ್ನ ನೂರು ಸಲ ಹೇಳಿದ್ದಾರೆ. ಪ್ರತಿ ಸಲ ಕೊನೆಗೆ ಒಂದೇ ಮಾತು: "ಅಹಮದ್ ಕಾಲಿಗೆ ಚೆಂಡು ಬಂದ್ರೆ ಜನ ಕೂಗ್ತಿರ್ಲಿಲ್ಲ ಕಣೋ. ಸುಮ್ನಾಗ್ತಿದ್ರು."

ನಾನು 2013ರ ಪೀಳಿಗೆ. ಆ ವರ್ಷ ಬೆಂಗಳೂರು ಎಫ್‌ಸಿ ಹುಟ್ಟಿತು, ಚೆಟ್ರಿ ನಾಯಕರಾಗಿ ಬಂದ್ರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಚಾಂಪಿಯನ್. ನಾನಾಗ ಹೈಸ್ಕೂಲು. ಶಾಲೆ ಚೀಲ ಹೆಗಲಿಗೆ ಹಾಕ್ಕೊಂಡೇ ಪಂದ್ಯಕ್ಕೆ ಓಡ್ತಿದ್ದೆ.

2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್, ಕಂಠೀರವದಲ್ಲಿ. ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್. ನಾನು ಡಿಗ್ರಿ ವಿದ್ಯಾರ್ಥಿ, ಹಲಸೂರಿನಿಂದ ಕಬ್ಬನ್ ಪಾರ್ಕ್‌ವರೆಗೆ ಮೆಟ್ರೊ, ಅಲ್ಲಿಂದ ಓಟ. ಮೊದಲು ಗೋಲು ಹೊಡೆದಿದ್ದು ಅವರು. ವೆಸ್ಟ್ ಬ್ಲಾಕ್ ಆದ್ರೂ ಹಾಡೋದು ನಿಲ್ಲಿಸಲಿಲ್ಲ. ವಿರಾಮಕ್ಕೆ ಮುಂಚೆ ಚೆಟ್ರಿ ತಲೆಯಿಂದ ಒಂದು. ಆಮೇಲೆ ದ್ವಿತೀಯಾರ್ಧದಲ್ಲಿ ಬಾಕ್ಸ್ ಹೊರಗಿಂದ ಇನ್ನೊಂದು. ಆ ಎರಡನೇದು ನೆಟ್ ತಲುಪಿದಾಗ ನನ್ನ ಪಕ್ಕದಲ್ಲಿದ್ದ, ಮುಖಪರಿಚಯವೂ ಇಲ್ಲದ ಹಿರಿಯರೊಬ್ಬರು ನನ್ನನ್ನ ತಬ್ಬಿಕೊಂಡು ಅಳ್ತಿದ್ರು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ತಂಡದ ಎದುರು 1-0ರಿಂದ ಸೋತ್ವಿ, ಅದು ಬೇರೆ ಮಾತು.

ಆ ರಾತ್ರಿ ಗಂಟಲು ಕಟ್ಟಿಕೊಂಡು ಮನೆಗೆ ಬಂದೆ. ತಾತ ಟಿವಿಯಲ್ಲಿ ನೋಡಿದ್ರು. "ಹೇಗಿತ್ತು ತಾತ?" ಅಂದೆ. "ಚೆನ್ನಾಗಿ ಆಡ್ತಾನೆ ಹುಡುಗ. ಬೂಟು ಹಾಕ್ಕೊಂಡು," ಅಂದ್ರು. ನನಗೆ ಸಿಟ್ಟು ಬಂತು. "ನಿಮ್ಮ ಅಹಮದ್ ಖಾನ್ ಎಷ್ಟು ಗೋಲು ಹೊಡೆದಿದ್ದಾರೆ ಹೇಳಿ. ವಿಡಿಯೊ ಇದೆಯಾ? ಲೆಕ್ಕ ಇದೆಯಾ? ಪ್ರೂಫ್ ಏನು?" ಅಂದೆ. ತಾತ ಉತ್ತರ ಕೊಡಲಿಲ್ಲ. ಆಮೇಲೆ ನನ್ನ ಮುಂದೆ ಅಹಮದ್ ಖಾನ್ ಹೆಸರೇ ಎತ್ತಲಿಲ್ಲ. 2017ರ ಆಗಸ್ಟ್‌ನಲ್ಲಿ ಅಹಮದ್ ಖಾನ್ ಬೆಂಗಳೂರಲ್ಲೇ ತೀರಿಕೊಂಡ್ರು. ಪೇಪರ್ ಓದಿ ಮಡಚಿಟ್ಟು ಸುಮ್ಮನೆ ಕೂತ್ರು ತಾತ. ಆಗಲಾದ್ರೂ ಕೇಳಬೇಕಿತ್ತು ನಾನು. ಕೇಳಲಿಲ್ಲ. ಈಗ ತಾತನೂ ಇಲ್ಲ.

ಅಕೌಂಟ್ಸ್ ಓದಿದವನಿಗೆ ಇದು ಗೊತ್ತಿರಬೇಕಿತ್ತು: ಲೆಡ್ಜರ್‌ನಲ್ಲಿ ಎಂಟ್ರಿ ಇಲ್ಲ ಅಂದ್ರೆ ವ್ಯವಹಾರ ನಡೆದೇ ಇಲ್ಲ ಅಂತ ಅರ್ಥ ಅಲ್ಲ. ಬರೆಯಬೇಕಾದವರು ಬರೆದಿಲ್ಲ, ಅಷ್ಟೇ. ಚೆಟ್ರಿಯವರ ಗೋಲುಗಳಿಗೆ ದಿನಾಂಕ ಇದೆ, ವಿಡಿಯೊ ಇದೆ. ಅಹಮದ್ ಖಾನ್ ಚೆಂಡು ಆಡಿಸಿದ ಆ ನಿಶ್ಶಬ್ದಕ್ಕೆ ಯಾವ ಕಾಲಂ ಇದೆ?

ಹಾಗಾದ್ರೆ ನನ್ನ ತೀರ್ಪು? ಜಾರಿಕೊಳ್ಳಲ್ಲ, ಹೇಳ್ತೀನಿ. ಚೆಟ್ರಿ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರು, ಸಂಶಯವೇ ಇಲ್ಲ. ಆದ್ರೆ 95 ಅನ್ನೋ ಸಂಖ್ಯೆಗಾಗಿ ಅಲ್ಲ. ಪಿ.ಕೆ., ಚುನಿ, ಬಲರಾಮ್ ಒಬ್ಬರ ಪಕ್ಕ ಒಬ್ಬರು ಆಡಿದವರು. ಚೆಟ್ರಿ ಪಕ್ಕದಲ್ಲಿ ಬೈಚುಂಗ್ ಭುಟಿಯಾ ಇದ್ದದ್ದು ಆರಂಭದ ಕೆಲವು ವರ್ಷ. ಆಮೇಲೆ ಸುಮಾರು ಹದಿಮೂರು ವರ್ಷ ಗೋಲು ಬೇಕು ಅಂದ್ರೆ ದೇಶ ಒಬ್ಬರ ಕಡೆಗೇ ನೋಡ್ತಿತ್ತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ಮೇಲೆ ಹ್ಯಾಟ್ರಿಕ್ ಹೊಡೆದ್ರು, ನೋಡೋಕೆ ಬಂದಿದ್ದು 2,569 ಜನ. ಮಾರನೇ ದಿನ ವಿಡಿಯೊ ಮಾಡಿ, ಬೈಯೋದಕ್ಕಾದ್ರೂ ಮೈದಾನಕ್ಕೆ ಬನ್ನಿ ಅಂತ ಕೈಮುಗಿದ್ರು. ಗೋಲು ಹೊಡೆಯೋದರ ಜೊತೆ ಜನರನ್ನ ಕರೆದು ತರೋದೂ ಅವರದ್ದೇ ಕೆಲಸ ಆಗಿತ್ತು. 2023ರಲ್ಲಿ ನಮ್ಮ ಕಂಠೀರವದಲ್ಲಿ ಪಾಕಿಸ್ತಾನದ ಮೇಲೆ ಹ್ಯಾಟ್ರಿಕ್ ಹೊಡೆದು ಸ್ಯಾಫ್ ಕಪ್ ಎತ್ತಿದಾಗ 38 ವರ್ಷ. 2024ರ ಡಿಸೆಂಬರ್‌ನಲ್ಲಿ ಅದೇ ಮೈದಾನದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಮತ್ತೊಂದು ಹ್ಯಾಟ್ರಿಕ್, ಆಗ 40.

ಎಲ್ಲರಿಗಿಂತ ಶ್ರೇಷ್ಠರಾ? ಆ ಪಟ್ಟ ನಾನು ಕೊಡಲ್ಲ. ಎತ್ತರದ ಎದುರಾಳಿಗಳ ಮೇಲೆ ಗೆದ್ದು ತೋರಿಸಿದ 1962ರವರಿಗೆ ಅದು ಮೊದಲು ಸಲ್ಲಬೇಕು. ನಮ್ಮೂರಿನ ಅಹಮದ್ ಖಾನ್ ಹೆಸರೂ ಆ ಸಾಲಿನಲ್ಲೇ ಇರಬೇಕು, ಚೆಟ್ರಿಗಿಂತ ಒಂದು ಮೆಟ್ಟಿಲು ಮೇಲೆ. ನಾನು ನೋಡಿಲ್ಲ. ನೋಡಿದವರ ಮಾತು ನಂಬೋಕೆ ಒಂಬತ್ತು ವರ್ಷ ತಡ ಮಾಡಿದೆ.

ಚೆಟ್ರಿ ವಾಪಸ್ ಬಂದದ್ದು ಅವರ ಹಿರಿಮೆ ಇರಬಹುದು, ನಮ್ಮ ವ್ಯವಸ್ಥೆಗೆ ಅದು ನಾಚಿಕೆ. ಆ ಮಾಲ್ದೀವ್ಸ್ ಪಂದ್ಯ 2023ರ ನವೆಂಬರ್ ನಂತರ ಭಾರತದ ಮೊದಲ ಗೆಲುವು ಅಂದ್ರೆ ನೋಡಿ. 140 ಕೋಟಿ ಜನರ ದೇಶ, ಗೋಲು ಹೊಡೆಯೋಕೆ ನಿವೃತ್ತರಾದವರನ್ನ ಕರೆಸಬೇಕಾಯ್ತು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 2-1ರಿಂದ ಸೋತು 2027ರ ಏಷ್ಯನ್ ಕಪ್ ಕೂಡ ಕೈಬಿಟ್ಟು ಹೋಯ್ತು.

ಮುಗಿಸೋ ಮುಂಚೆ ಒಂದು ಕೆಲಸ ಕೊಡ್ತೀನಿ. ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರ, ಕೆ.ಆರ್. ಪುರ, ಎಲ್ಲೇ ಇರಲಿ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಳೇ ಪಂದ್ಯ ನೋಡಿದ ಹಿರಿಯರಿದ್ರೆ, ಈ ಭಾನುವಾರ ಅವರ ಪಕ್ಕ ಕೂತು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಯಾರ ಆಟ ನೋಡಿದ್ರು, ಎಲ್ಲಿ, ಟಿಕೆಟ್ ಎಷ್ಟಿತ್ತು, ಯಾರ ಜೊತೆ ಹೋಗಿದ್ರು. ತಮಿಳು, ಉರ್ದು, ತೆಲುಗು, ಕನ್ನಡ, ಯಾವ ಭಾಷೆ ಆದ್ರೂ ಪರವಾಗಿಲ್ಲ. ಪ್ರೂಫ್ ಮಾತ್ರ ಕೇಳಬೇಡಿ. ನನಗೆ ಕಳಿಸಿ, ಮುಂದಿನ ಸಂಚಿಕೆ ಪೂರ್ತಿ ಅವರದ್ದೇ.

ಚೆಟ್ರಿ ಬಗ್ಗೆ ನನ್ನ ತೀರ್ಪು ಒಪ್ಪದೇ ಇರೋರು ಎಂದಿನಂತೆ ಬೈಯಬಹುದು. ಸಿಗೋಣ, ನಮಸ್ಕಾರ.