ತಾಳ ತಪ್ಪಿದ ಹೃದಯಕ್ಕೆ ಔಷಧ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಮಚ್ಛೆ ಸಿಗುತ್ತದೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ನಿಮ್ಮ ಅಣ್ಣನಿಗೆ ಒಮ್ಮೆಲೇ ಎದೆ ಡವಗುಟ್ಟಿ, ಕಣ್ಣು ಕತ್ತಲೆಗೂಡಿ, ಬೆಳಗಾವಿಯ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ತಂದಿರಿ ಎಂದಿಟ್ಟುಕೊಳ್ಳೋಣ. ಬಾಗಿಲಾಚೆ ನಿಂತ ನಿಮಗೆ ಒಂದೇ ತಳಮಳ: "ಬೇಗ ಒಂದು ಇಂಜೆಕ್ಷನ್ ಕೊಡಬಾರದೆ?" ಕೊಡಬಹುದು. ಆದರೆ ತಾಳವನ್ನು ಸರಿಪಡಿಸುವ ಔಷಧವೇ ತಾಳವನ್ನು ಕೆಡಿಸಲೂ ಬಲ್ಲುದು.

ಇದು ಬರಿಯ ಹೆದರಿಕೆಯ ಮಾತಲ್ಲ. ಹೃದಯಾಘಾತದಿಂದ ಉಳಿದವರಲ್ಲಿ ಕಾಣುವ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಜೀವ ಉಳಿದೀತೆಂದು ವೈದ್ಯರು ಬಹುಕಾಲ ನಂಬಿದ್ದರು. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಬೇರೆಯೇ ಹೇಳಿತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಪಡೆದವರಲ್ಲಿ ಆ ಬಡಿತಗಳೇನೋ ಅಡಗಿದವು. ಸಾವುಗಳು ಮಾತ್ರ ಹೆಚ್ಚಿದವು.

ಆದುದರಿಂದ ವೈದ್ಯರು ಮೊದಲು ಇ.ಸಿ.ಜಿ. ನೋಡಿ ತಾಳ ಯಾವುದೆಂದು ಗುರುತಿಸುತ್ತಾರೆ. ಆ ಓಟದಿಂದಲೇ ರಕ್ತದೊತ್ತಡ ಕುಸಿದು ಪ್ರಜ್ಞೆ ಮಂಕಾಗುತ್ತಿದ್ದರೆ ಔಷಧಕ್ಕೆ ಕಾಯದೆ ವಿದ್ಯುತ್ತಿನ ಆಘಾತ ಕೊಡಬೇಕಾದೀತು. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಿದ್ದರೆ ಅದನ್ನೂ ತುಂಬಿಕೊಡಬೇಕು.

ಇನ್ನು ಕೊಡುವ ರೀತಿ. ಅಡೆನೊಸಿನ್ ಎಂಬ ಔಷಧದ ಅರ್ಧಪಾಲು ರಕ್ತದಲ್ಲಿ 10 ಸೆಕೆಂಡಿನೊಳಗೇ ಕರಗಿಹೋಗುತ್ತದೆ. ಅದರ 6 ಮಿಲಿಗ್ರಾಂ ಅನ್ನು ದೊಡ್ಡ ರಕ್ತನಾಳಕ್ಕೆ ಥಟ್ಟನೆ ಕೊಟ್ಟು, ಬೆನ್ನಿಗೇ ಸಲೈನ್ ತಳ್ಳಬೇಕು. ಅಮಿಯೋಡರೋನ್ ಹಾಗಲ್ಲ. ನಾಡಿಯಿರುವ ರೋಗಿಗೆ 150 ಮಿಲಿಗ್ರಾಂ ಅನ್ನು ಡೆಕ್ಸ್ಟ್ರೋಸ್ ದ್ರಾವಣದಲ್ಲಿ ಬೆರೆಸಿ ಸುಮಾರು 10 ನಿಮಿಷ ನಿಧಾನವಾಗಿ ಹರಿಸಬೇಕು. ಅವಸರಪಟ್ಟರೆ ರಕ್ತದೊತ್ತಡ ಇಳಿದುಹೋಗುತ್ತದೆ. ಅದೇ ಔಷಧವನ್ನು, ಆಘಾತಕ್ಕೂ ಮಣಿಯದೆ ನಾಡಿ ನಿಂತುಹೋದವನಿಗೆ, 300 ಮಿಲಿಗ್ರಾಂನಷ್ಟು ಒಮ್ಮೆಲೇ ಕೊಡುತ್ತಾರೆ. ಹೆಸರು ಒಂದೇ, ಅಳತೆ ಬೇರೆ, ವೇಗ ಬೇರೆ. ಔಷಧದ ಚೀಟಿಯನ್ನು ಇಬ್ಬರು ದಾದಿಯರು ಗಟ್ಟಿಯಾಗಿ ಓದಿ ತಾಳೆ ನೋಡುವುದು ಇದಕ್ಕಾಗಿಯೇ. ಅದನ್ನು ವಿಳಂಬವೆಂದು ಬಗೆಯಬೇಡಿ.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಡಿಜಾಕ್ಸಿನ್ ಹಳೆಯ ಮದ್ದು. ಅದರ ಮೂಲವಾದ ಡಿಜಿಟಾಲಿಸ್ ಗಿಡದ ಗುಣವನ್ನು ವಿಲಿಯಂ ವಿದರಿಂಗ್ 1785ರಲ್ಲಿಯೇ ಬರೆದಿಟ್ಟರು. ಅದರಲ್ಲಿ ಮದ್ದಿಗೂ ವಿಷಕ್ಕೂ ಅಂತರ ಬಲು ಕಿರಿದು. ಮನೆಯಲ್ಲಿ ಅದನ್ನು ನುಂಗುತ್ತಿದ್ದವರಿಗೆ ಅಮಿಯೋಡರೋನ್ ಕೊಟ್ಟರೆ ರಕ್ತದಲ್ಲಿ ಡಿಜಾಕ್ಸಿನ್ ಏರುತ್ತದೆ. ವೈದ್ಯರಿಗೆ ಇದು ಗೊತ್ತು. ನಿಮ್ಮ ಅಣ್ಣ ಏನು ನುಂಗುತ್ತಿದ್ದನೆಂಬುದು ನಿಮಗೆ ಮಾತ್ರ ಗೊತ್ತು.

ಆದ್ದರಿಂದ ಹಿರಿಯರು ತೆಗೆದುಕೊಳ್ಳುವ ಗುಳಿಗೆಗಳ ಹೆಸರು, ಅಳತೆ, ಹೊತ್ತು ಇವನ್ನು ಇಂದೇ ಒಂದು ಚೀಟಿಯಲ್ಲಿ ಬರೆದಿಡಿ. ಹೊರಡುವಾಗ ಗುಳಿಗೆಯ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಗಾಬರಿಯಲ್ಲಿ ನಾಲಗೆ ತಡವರಿಸಿದಾಗ ಆ ಚೀಟಿಯೇ ನಿಮ್ಮ ಪರವಾಗಿ ಮಾತನಾಡುತ್ತದೆ.