ಗಣಿಯಲ್ಲಿ ‘ನಿಲ್ಲಿಸಿ’ ಎನ್ನುವವರು ಯಾರು?

ನಮ್ಮ ದೇಶದ ಗಣಿ ಕಾನೂನಿನ ಹುಟ್ಟಿಗೂ ಕೋಲಾರಕ್ಕೂ ನೋವಿನ ನಂಟಿದೆ. 1894ರಲ್ಲಿ ಬ್ರಿಟಿಷ್ ಸರ್ಕಾರ ಜೇಮ್ಸ್ ಗ್ರಂಡಿ ಎಂಬವರನ್ನು ಮೊದಲ ಗಣಿ ಇನ್‌ಸ್ಪೆಕ್ಟರರಾಗಿ ನೇಮಿಸಿತು. ಆದರೆ ಗಣಿಗಳಿಗೆಂದೇ ಒಂದು ಕಾಯ್ದೆ ಆಗ ಇರಲಿಲ್ಲ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಮಂದಿ, ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಪ್ರಾಣ ಕಳೆದುಕೊಂಡ ಮೇಲೆ ಕಾಯ್ದೆ ರೂಪಿಸುವ ಕೆಲಸ ಚುರುಕಾಗಿ, 1901ರಲ್ಲಿ ಮೊದಲ ಗಣಿ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ 1952ರ ಕಾಯ್ದೆ ಪ್ರತಿ ಗಣಿಗೂ ಅರ್ಹತೆಯುಳ್ಳ ಒಬ್ಬ ಮ್ಯಾನೇಜರನ್ನು ಹೊಣೆ ಮಾಡಿತು. ಅಷ್ಟು ಸಾಲಲಿಲ್ಲ. ಇನ್‌ಸ್ಪೆಕ್ಟರು ಬರುವುದು ಎಂದೋ ಒಂದು ದಿನ. ಮ್ಯಾನೇಜರ ತಲೆಯ ಮೇಲೆ ಜನರ ಜೀವದ ಜೊತೆಗೆ ಟನ್ನುಗಳ ಲೆಕ್ಕವೂ ಇರುತ್ತದೆ. ದಿನವೂ ಗಣಿಯೊಳಗಿದ್ದು, ಉತ್ಪಾದನೆಯ ಲೆಕ್ಕಕ್ಕೆ ಕಟ್ಟುಬೀಳದೆ ಅಪಾಯವನ್ನೇ ನೋಡುವ ಮೂರನೆಯ ಕಣ್ಣು ಬೇಕಾಗಿತ್ತು. ಸುರಕ್ಷತಾಧಿಕಾರಿಯ ಹುದ್ದೆಗೆ ಅರ್ಥವಿರುವುದು ಇಲ್ಲಿ.

ಇಬ್ಬರು ಅಧಿಕಾರಿಗಳಾದರೆ ಹೊಣೆ ಹಂಚಿಹೋಗಿ ಕೊನೆಗೆ ಯಾರದೂ ಆಗುವುದಿಲ್ಲ ಎಂಬ ಆಕ್ಷೇಪವಿದೆ. ಆದರೆ ಈ ಅಧಿಕಾರಿಗೆ ನಿಯಮಾವಳಿ ಕೊಟ್ಟ ಕೆಲಸ ನೋಡಿ: ಗಣಿಗಿಳಿದು ಕಾರ್ಮಿಕರೊಡನೆ ಮಾತಾಡಬೇಕು, ಸಣ್ಣಪುಟ್ಟ ಅಪಘಾತಗಳ ಕಾರಣವನ್ನೂ ಹುಡುಕಬೇಕು, ಪ್ರತಿದಿನ ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಇದರಿಂದ ಮ್ಯಾನೇಜರ ಹೊಣೆ ಕಿಂಚಿತ್ತೂ ಇಳಿಯುವುದಿಲ್ಲ; ‘ನನಗೆ ಗೊತ್ತಿರಲಿಲ್ಲ’ ಎನ್ನುವ ದಾರಿ ಮಾತ್ರ ಮುಚ್ಚುತ್ತದೆ. ಅನುಭವವಿದ್ದರೆ ಸಾಕು, ಪದವಿ ಪ್ರಮಾಣಪತ್ರ ಯಾಕೆ ಎಂದು ಕೇಳುವವರೂ ಇದ್ದಾರೆ. ಅನುಭವದ ಬೆಲೆ ದೊಡ್ಡದು, ನಿಜ. ಆದರೆ ತಲೆಮಾರುಗಳ ಅನುಭವವಿದ್ದ ಕೋಲಾರದ ಚಿನ್ನದ ಗಣಿಗಳಲ್ಲೇ, ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದನ್ನು ಅರಿಯಲು ಕಂಪನಮಾಪಕಗಳು ಬೇಕಾದವು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾದಲ್ಲಿ ಹಳೆಯ ಗಣಿಭಾಗದಲ್ಲಿ ನಿಂತಿದ್ದ ನೀರು ಒಳನುಗ್ಗಿ 375 ಮಂದಿ ಸತ್ತರು. ಅಂಥ ನೀರು ಎಲ್ಲಿದೆ, ನಡುವಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ನಕ್ಷೆ, ಅಳತೆಗಳಿಂದ ತಿಳಿಯಬೇಕು. ಅದು ಓದಿ ಕಲಿತು ಬರುವ ವಿದ್ಯೆ.

ಗಟ್ಟಿಯಾದ ಆಕ್ಷೇಪ ಖರ್ಚಿನದು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಗಣಿಗೆ ಸುರಕ್ಷತಾಧಿಕಾರಿ ಬೇಕೆನ್ನುತ್ತದೆ. ನಮ್ಮ ಕಲ್ಲುಕ್ವಾರಿಗಳಲ್ಲಿ ಅಷ್ಟು ಜನ ಇರುವುದು ಅಪರೂಪ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಸ್ಫೋಟಕಕ್ಕೆ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ ಎಂಬುದು ಸಂಬಂಧವಿಲ್ಲದ ಮಾತು. ಹತ್ತು ಜನರ ಕ್ವಾರಿಯ ಮಾಲೀಕರು ಒಬ್ಬ ಅಧಿಕಾರಿಯ ಸಂಬಳ ಕೊಡಲಾರರು ಎಂಬುದನ್ನು ಒಪ್ಪೋಣ. ಹಾಗಾದರೆ ತಾಲ್ಲೂಕಿನ ಕ್ವಾರಿಗಳೆಲ್ಲ ಸೇರಿ ಒಬ್ಬ ಅರ್ಹರನ್ನು ಹಂಚಿಕೊಳ್ಳಲಿ. ಸಂಬಳ ಮಾಲೀಕರ ಕೈಯಿಂದ ನೇರವಾಗಿ ಹೋಗದೆ, ಗಣಿಗಾರಿಕೆಯ ಹಣದಿಂದಲೇ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ಮೂಲಕ ಹೋಗುವಂತೆ ನಿಯಮ ಮಾಡಬಹುದು. ಹಾಗಾದಾಗ ಸಿಡಿತ ನಿಲ್ಲಿಸಿ ಎಂದು ಹೇಳಿದ ಅಧಿಕಾರಿಗೆ ಮರುತಿಂಗಳ ಸಂಬಳದ ಚಿಂತೆ ಇರುವುದಿಲ್ಲ.